ಮೀನುಕೊಳ ಎಂಬ ಊರು

ರಿಬ್ನಿಕ್ ಅಂದರೆ ಮೀನುಕೊಳ.
ಊರಿನ ಲಾಂಛನದಲ್ಲಿ ಈಗಲೂ ಒಂದು ಮೀನಿದೆ,
ಚಳಿಗಾಲದಲ್ಲಿ ಅದರ ಮೇಲೂ ಮಸಿ ಕೂರುತ್ತದೆ.

ಏಣಿ ಹಾಕಿ ಅಪ್ಪನ ಮನೆಯ ಹೆಂಚಿನ ಮೇಲೆ ಹತ್ತುತ್ತೇನೆ.
ಚಿಮಣಿಯಿಂದ ಮೂರು ಮಾರು ಈಚೆಗೆ
ನಾನೇ ಕಟ್ಟಿದ ಪೆಟ್ಟಿಗೆ, ಒಳಗೆ ಬಿಲ್ಲೆಯಗಲದ ಸೋಸುಕಾಗದ:
ಇಡುವಾಗ ಹಾಲು,
ಮಾರನೆಯ ದಿನ ತೆಗೆಯುವಾಗ ಕಾಡಿಗೆ.

ಕೆಳಗಿಂದ ಅಪ್ಪ ಕೂಗುತ್ತಾನೆ:
"ಒಟಿಲ್ಯಾ, ನಮ್ಮ ಹೊಗೆ ಕದ್ದು ಎಲ್ಲಿಗೆ ಸಾಗಿಸ್ತೀ?"
ಕೆಮ್ಮು ಬಂದು ಅವನ ನಗು ಅರ್ಧಕ್ಕೇ ನಿಲ್ಲುತ್ತದೆ.
ಇಪ್ಪತ್ತೇಳು ವರ್ಷ ನೆಲದಡಿ ಕಲ್ಲಿದ್ದಲು ಕಡಿದವನು.

ಕಾಟೊವಿತ್ಸೆಯ ಪ್ರಯೋಗಾಲಯದಲ್ಲಿ
ಆ ಕಪ್ಪನ್ನು ನೀರಿಗಿಳಿಸುತ್ತೇನೆ.
ಗಾಜಿನ ತಟ್ಟೆಯಲ್ಲಿ ಪಟ್ಟೆಮೀನಿನ ಮೊಟ್ಟೆಗಳು, ಸಾಸಿವೆ ಗಾತ್ರ.
ಯಾವುದೋ ದೂರದ ಗದ್ದೆನೀರಿನ ಕುಲ.
ಮೊದಲ ದಿನ ಕಣ್ಣಿನ ಗುರುತು.
ಎರಡನೆಯ ದಿನ ಗುಂಡಿಗೆ:
ಒಂದು ಕೊಳವೆ, ಮಿಡಿಯುತ್ತಲೇ ಬಳುಕಿ
ಎರಡು ಕೋಣೆಯಾಗುತ್ತದೆ, ನನ್ನ ಕಣ್ಣೆದುರೇ.
ಬಚ್ಚಿಟ್ಟುಕೊಳ್ಳಲು ಅದಕ್ಕೆ ಬಣ್ಣದ ಚರ್ಮವೂ ಇಲ್ಲ.

ಅಪ್ಪನ ಹೊಗೆಯಲ್ಲಿ ನೆನೆದವು ಬೇರೆ ಸಾಲಿನಲ್ಲಿ.
ಪೊರೆಯ ಮೇಲೆ ಮಸಿ, ತೊಳೆಯದ ಕಿಟಕಿಯ ಹಾಗೆ.
ಒಳಗಿನದು ಉಸಿರಿಗಾಗಿ ಹೊರಳುತ್ತದೆ,
ಒಡೆದು ಬರಬೇಕಾದ ಗಂಟೆ ದಾಟುತ್ತದೆ.
ಗುಂಡಿಗೆಯ ಸುತ್ತ ನೀರು. ಬಾಲ ಡೊಂಕು.
ಎಣಿಸುತ್ತೇನೆ: ನಲವತ್ತೆಂಟರಲ್ಲಿ ಹದಿಮೂರು.
ಮತ್ತೆ ಎಣಿಸುತ್ತೇನೆ.
ಐದನೆಯ ಸಂಜೆ, ನಿಯಮದಂತೆ,
ಡೊಂಕಾದವಕ್ಕೂ ನೆಟ್ಟಗಿದ್ದವಕ್ಕೂ
ಒಂದೇ ಅರಿವಳಿಕೆ, ಒಂದೇ ಡಬ್ಬಿ.

ಕ್ರಿಸ್‌ಮಸ್ ಹಿಂದಿನ ದಿನ ಊರಿಗೆ ಬಂದರೆ
ಸ್ನಾನದ ತೊಟ್ಟಿಯಲ್ಲಿ ಹಬ್ಬದ ಕಾರ್ಪ್ ಮೀನು ಈಜುತ್ತಿದೆ,
ಮೂರು ದಿನದಿಂದ ಯಾರಿಗೂ ಸ್ನಾನವಿಲ್ಲ.
ಫೋನಿನಲ್ಲಿ ಅಪ್ಪನಿಗೆ ತೋರಿಸಿದೆ, ಆ ಮಿಡಿತ.
ಕನ್ನಡಕ ಹಣೆಗೇರಿಸಿ ಬಗ್ಗಿದ.
ತುಟಿ ಅಲುಗಿತು, ಎಣಿಸುತ್ತಿದ್ದನೇನೋ.
"ಇದಕ್ಕೇನು ಹೆಸರು?"
"ಹೆಸರಿಲ್ಲ ಅಪ್ಪ. ಸಿ ಏಳು."

ಎದ್ದು ಹೋಗಿ ಮೇಜಿನ ಖಾನೆ ತಡಕಾಡಿ
ಹಿತ್ತಾಳೆಯ ಬಿಲ್ಲೆಯೊಂದನ್ನು ನನ್ನೆದುರು ಇಟ್ಟ:
ಸಾವಿರದ ನೂರ ನಲವತ್ತೊಂಬತ್ತು.
"ಗಣಿಗಿಳಿಯುವಾಗ ನಾನೂ ಇಷ್ಟೇ.
ಸಂಜೆ ಬಿಲ್ಲೆ ವಾಪಸು ಬಂದರೆ ಮನುಷ್ಯ ಬಂದ ಅಂತ."

ಆಮೇಲೆ ಒಲೆಯ ಮುಂದೆ ಸಲಿಕೆ ಹಿಡಿದು
ಬಹಳ ಹೊತ್ತು ನಿಂತಿದ್ದ.
ಹೊರಗೆ ಮೈನಸ್ ಒಂಬತ್ತು.
ನಾನು ಏನೂ ಹೇಳಲಿಲ್ಲ. ನನಗೂ ಕಾಲು ಜೋಮು ಹಿಡಿದಿತ್ತು.
ಸುರಿದ.

ಊಟದ ನಂತರ ಕಾರ್ಪಿನ ಹುರುಪೆಯೊಂದನ್ನು ಒರೆಸಿ
ನನ್ನ ಪರ್ಸಿಗೆ ಹಾಕಿದ, ಪ್ರತಿ ವರ್ಷದಂತೆ,
ಕೈಯಲ್ಲಿ ದುಡ್ಡು ನಿಲ್ಲಲಿ ಎಂದು.

ಹಿಂತಿರುಗುವ ರೈಲಿನಲ್ಲಿ
ಆ ಹುರುಪೆಯನ್ನು ಬೆಳಕಿಗೆ ಹಿಡಿದು ನೋಡಿದೆ.
ತಿಳಿಯಾಗಿತ್ತು.
ಮತ್ತೆ ಸೋಸುಕಾಗದದ ಡಬ್ಬಿ ತೆಗೆದು
ಚೀಟಿಯ ಮೇಲೆ ಬರೆದೆ:
ಡಿಸೆಂಬರ್ ಇಪ್ಪತ್ತನಾಲ್ಕು, ರಿಬ್ನಿಕ್.
ಷರಾ ಕಲಮಿನಲ್ಲಿ, ಯಾಕೋ,
ಮನೆ ಬೆಚ್ಚಗಿತ್ತು.