ನಡುಕ ಎಷ್ಟಿರಲಿ?

ಬರ್ ದುಬೈಯ ಅಂಗಡಿಯಲ್ಲಿ ಆರನೆಯ ಕಂಟ್ರೋಲರನ್ನೂ
ಕಿವಿಗೆ ಹಿಡಿದು ಒತ್ತಿದೆ.
ಹುಡುಗ ನಕ್ಕ: ‘ಅಣ್ಣಾ, ಇದು ಫೋನಲ್ಲ.’

ಅವನಿಗೇನು ಗೊತ್ತು,
ನನ್ನ ಕೆಳಗಿನ ಮಂಚದಲ್ಲಿ ಇದ್ದಿನಬ್ಬ,
ಬೆಳಗಿನ ಮೂರಕ್ಕೆ ಕುಬ್ಬೂಸ್ ಒಲೆಯ ಮುಂದೆ ನಿಲ್ಲಬೇಕಾದವನು.
ಒಂದು ಟಿಕ್ ಸಾಕು, ಚಪ್ಪಲಿ ಹಾರಿಬರುತ್ತದೆ.

ಕೊನೆಗೆ ಸಿಕ್ಕಿತು, ರಬ್ಬರ್ ಗುಂಡಿಯದು,
ಬೆಕ್ಕಿನ ಹೆಜ್ಜೆಯಷ್ಟೇ ಸದ್ದು. ತೊಂಬತ್ತು ದಿರ್ಹಂ.
ಮೂವರು ಕೂಡಿ ಕಟ್ಟಿದ ಪಿಸಿ ಗುರುತು ಹಿಡಿಯಿತು.
ಸ್ಟಿಕ್ ಮಾತ್ರ ತುಸು ಸಡಿಲ:
ಮುಟ್ಟದಿದ್ದರೂ ಕಾರು ಎಡಕ್ಕೆ,
ಸಂಬಳದ ಸಂಜೆ ಕಾಲು ಎಕ್ಸ್‌ಚೇಂಜ್ ಕಡೆ ಎಳೆಯುವಂತೆ.
ಡೆಡ್ ಝೋನ್ ಹನ್ನೆರಡಕ್ಕೇರಿಸಿದೆ. ನೆಟ್ಟಗಾಯಿತು.
ಹೆಬ್ಬೆರಳಿನಡಿ ಸೈಕಲ್ ಟ್ಯೂಬಿನ ತುಂಡು.
ಬ್ರೇಕು ಎಡಗೈಗೆ. ಹಾರನ್ನು ಬೇಡವೇ ಬೇಡ.

ಆಮೇಲೆ ಪರದೆ ಕೇಳಿತು,
ನಡುಕ ಎಷ್ಟಿರಲಿ?

ಜಬಲ್ ಅಲಿಯಲ್ಲಿ, ನಲವತ್ತು ಮೀಟರ್ ಮೇಲೆ,
ಗಾಜಿನ ಪೆಟ್ಟಿಗೆಯಲ್ಲಿ ಕೂತ ಈ ಕೈಗಳಲ್ಲಿ
ಹಗಲೆಲ್ಲ ಇಂಥವೇ ಎರಡು ಕಡ್ಡಿ.
ಅವು ನಡುಗಿದರೆ ಗಾಳಿ ಎದ್ದಿದೆ.
ತೂಗುವ ಕಂಟೇನರಿನ ಕೆಳಗೆ
ಹಳದಿ ಟೋಪಿಗಳು ತಲೆಯೆತ್ತದೆ ನಡೆಯುತ್ತಿವೆ.

ಸೊನ್ನೆಗೆ ಎಳೆದೆ.
ಗೋಡೆಗೆ ಗುದ್ದಿದೆ, ಪಲ್ಟಿಯಾದೆ, ಸಮುದ್ರಕ್ಕೂ ಬಿದ್ದೆ.
ಕೈಗೆ ಸುದ್ದಿಯೇ ಇಲ್ಲ.

ಕೆಳಗಿನಿಂದ, ಹೊದಿಕೆಯೊಳಗಿನ ದನಿ:
‘ಇದು ಎಷ್ಟನೆಯ ಕಾರು ಮಾರಾಯ?’