ಬೀಗದಕೈ ಜೊತೆಗೆ

ತಗೋ ಮೆಹರ್,
ಸಾಲಗಾಮೆ ರಸ್ತೆಯ ಈ ಮಹಡಿ ಕೋಣೆ ಇನ್ನು ನಿನ್ನದು.
ಎಡಕ್ಕೆ ತಿರುಗಿಸಿ ಚೂರು ಎತ್ತಬೇಕು,
ಇಲ್ಲದಿದ್ದರೆ ಬೀಗ ಮುನಿಯುತ್ತೆ.

ಮೊದಲು ಮೀಟರಿನ ಫೋಟೋ ತೆಗಿ,
ನನ್ನ ಕರೆಂಟು ನೀ ಕಟ್ಟಬೇಡ.
ಅಡ್ವಾನ್ಸಿಗೆ ಚೀಟಿ ಕೇಳು.
ಪುಟ್ಟತಾಯಮ್ಮ "ನಂಬಿಕೆ ಇಲ್ವೇನವ್ವಾ?" ಅಂತಾರೆ;
ನಗು. ನಕ್ಕು, ಮತ್ತೆ ಕೇಳು.

ನೀರು ಮೂರು ದಿನಕ್ಕೊಮ್ಮೆ, ಬೆಳಗಿನ ಜಾವ.
ನಲ್ಲಿ ಕೆಮ್ಮಿದ್ದು ಕೇಳಿದರೆ ಎದ್ದುಬಿಡು.
ಆಲೂಗಡ್ಡೆ ಅಗ್ಗ ಅಂತ ಮೂಟೆ ತರಬೇಡ,
ನನ್ನವು ಮಂಚದಡಿ ಮೊಳೆತು ಕೈಚಾಚಿದ್ದವು,
ಅದೂ ಇಂಟರ್ನಲ್ಸ್ ವಾರ.

ಅಕ್ಕಿ ಡಬ್ಬಕ್ಕೆ ಹೆಸರು ಅಂಟಿಸಬೇಡ.
ಶೋಭಿತಾ, ನಾನು ಅಂಟಿಸಿದ್ದೆವು.
ಕೊನೆಗೆ ಈ ಕೋಣೆಯಲ್ಲಿ
ಎರಡು ಕುಕ್ಕರು ಮಾತ್ರ ಕೂಗುತ್ತಿದ್ದವು.

ಗೋಡೆಯ ಆ ಮೊಳೆಯಾ? ನನ್ನದೇ.
ಇನ್ನೂರು ರೂಪಾಯಿ ಹಿಡಿದುಕೊಂಡಿದ್ದಾರೆ.
ಧಾರಾಳವಾಗಿ ಏನಾದರೂ ತೂಗುಹಾಕು.