ಕಾಲಿಂಚು

ಸೊನ್ನೆಯಿಂದ ಅಳೆಯೋ, ಮರದ ತುದಿಯಿಂದಲ್ಲ ಎಂದು
ಮೂರನೇ ಕ್ಲಾಸಿನಲ್ಲಿ ನನ್ನ ಬೆರಳ ಗೆಣ್ಣಿಗೆ ಕೊಟ್ಟವರು
ಈ ಮಿಸೆಸ್ ಪ್ರುಯಿಟ್ ಅವರೇ.

ಕೆಂಟಕಿಯ ಹಿನ್ನೀರಲ್ಲಿ ಈಗ
ಅವರ ದೋಣಿಗೆ ಒತ್ತಿ ನಿಂತಿದೆ ನನ್ನ ದೋಣಿ.
ಎದೆಯ ಮೇಲೆ ಇಲಾಖೆಯ ಬಿಲ್ಲೆ, ಕೈಯಲ್ಲಿ ಅಳತೆಪಟ್ಟಿ.
ಬಾಸ್ ಮೀನು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ,
ಹಾಜರಿ ಕೂಗಿದಾಗ ತಡವರಿಸುವ ಹುಡುಗನ ಹಾಗೆ.

ಹದಿನೈದು ಬೇಕು. ಇರುವುದು ಹದಿನಾಲ್ಕೂ ಮುಕ್ಕಾಲು.
ಬಾಲ ಹಿಸುಕಿ ಹಿಡಿದೆ. ಅಷ್ಟೇ.

ಲೈಸೆನ್ಸು?
ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಕೊಟ್ಟರು.
ಫೆಬ್ರುವರಿಗೇ ಮುಗಿದಿದೆ.
"ಅದನ್ನೆಲ್ಲ ಹಾರ್ಲನ್ ನೋಡಿಕೊಳ್ಳುತ್ತಿದ್ದ."
ಜನವರಿಯಲ್ಲಿ ಅವನ ಮಣ್ಣಿಗೆ ನಾನೂ ಹೋಗಿದ್ದೆ.

ಗಾಳ ಗಂಟಲಿಗಿಳಿದಿತ್ತು. ಕಿವಿರಲ್ಲಿ ರಕ್ತ.
ಬದುಕದ ಮೀನನ್ನೂ ನೀರಿಗೇ ಬಿಡಬೇಕು, ಕಾನೂನು.
ಬಿಟ್ಟೆ.
ಅರ್ಧ ಸುತ್ತು ಸುತ್ತಿ ಹೊಟ್ಟೆ ಮೇಲಾಗಿ ತೇಲಿತು.
ಸೇತುವೆಯ ಕಂಬದಿಂದೆದ್ದು ಬಂತು ನೀಲಿ ಬಕ,
ಅದಕ್ಕೆ ಲೈಸೆನ್ಸಿಲ್ಲ, ಇಂಚಿಲ್ಲ.

"ಅಳತೆ ಸರಿಯಾಗೇ ಮಾಡಿದೆ," ಎಂದರು ಟೀಚರು,
ಬಕದ ಕಡೆ ನೋಡುತ್ತ.

ದಂಡದ ಪುಸ್ತಕ ತೊಡೆಯ ಮೇಲಿಟ್ಟು
ಅವರ ಹೆಸರು ಬರೆಯತೊಡಗಿದೆ.
ದೋಣಿ ಅಲುಗಿತೋ, ಕೈಯೋ.
ಬಗ್ಗಿ ನೋಡಿದರು:
"ಕೊನೆಗೆ ಎರಡು ಟಿ."